ತೊಡೆಸಂದಿನ ಉಬ್ಬಿಗೆ ಚೀಲದ ಭಾರವೊಂದೇ ಕಾರಣವಲ್ಲ

ನೀವು ನೋಡುತ್ತಿರುವುದು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಅಂಗಳ. ಲಾರಿಯಿಂದ ಉಳ್ಳಾಗಡ್ಡಿ ಚೀಲಗಳು ಇಳಿಯುತ್ತಿವೆ. ನಮ್ಮ ಕಾಕಾ ದುಡಿದದ್ದೆಲ್ಲ ಇಲ್ಲಿಯೇ, ಹಮಾಲರಾಗಿ. ಈಗ ಮನೆಯಲ್ಲಿದ್ದಾರೆ. ಬಲ ತೊಡೆಸಂದಿನಲ್ಲಿ ಹರ್ನಿಯಾ ಆಗಿದೆ, ಅಂದರೆ ಹೊಟ್ಟೆಯ ಗೋಡೆಯ ಸಡಿಲ ಜಾಗದಿಂದ ಒಳಗಿನ ಕರುಳೋ ಕೊಬ್ಬೋ ಹೊರಕ್ಕೆ ಉಬ್ಬಿದೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಬೇಕಿದೆ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ನೋಡಲು ಬಂದವರೆಲ್ಲರದೂ ಒಂದೇ ಮಾತು: ಭಾರ ಹೊತ್ತು ಹೊತ್ತು ಹೀಗಾಯಿತು. ಆದರೆ ವೈದ್ಯರು ಚೀಲದ ವಿಷಯಕ್ಕೆ ಬಂದದ್ದು ಕೊನೆಯಲ್ಲಿ. ಮೊದಲು ಕೇಳಿದ್ದು, ಈ ಕೆಮ್ಮು ಎಷ್ಟು ಕಾಲದಿಂದ ಇದೆ? ಬೀಡಿ ಸೇದುತ್ತೀರಾ? ಶೌಚಕ್ಕೆ ಕುಳಿತಾಗ ತಿಣುಕಬೇಕಾಗುತ್ತದೆಯೇ? ಮೂತ್ರ ಸಲೀಸಾಗಿ ಬರುತ್ತದೆಯೇ? ನಿಮ್ಮ ತಂದೆಗೆ ಇತ್ತೇ?

ತಂದೆಗೆ, ಅಂದರೆ ನಮ್ಮ ಅಜ್ಜನಿಗೆ, ಇತ್ತು. ಧೋತರದೊಳಗೆ ಬಟ್ಟೆಯ ಪಟ್ಟಿ ಬಿಗಿದು ಕಟ್ಟಿಕೊಂಡು ಕೊನೆಯವರೆಗೂ ಹಾಗೆಯೇ ಸಾಗಿಸಿದರು. ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹತ್ತಿರದ ರಕ್ತಸಂಬಂಧಿಗಳಿಗೆ ಇದ್ದರೆ ನಮಗೂ ಬರುವ ಸಾಧ್ಯತೆ ಹೆಚ್ಚು. ಆ ಸಂಕೋಚದಿಂದಾಗಿ ಕಾಕಾಗೆ ಈ ಮಾಹಿತಿ ಸಿಗಲೇ ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗಂಡಸರಿಗೇ ಇದು ಹೆಚ್ಚು ಏಕೆ? ಗಂಡು ಶಿಶು ಗರ್ಭದಲ್ಲಿರುವಾಗ ವೃಷಣಗಳು ಇರುವುದು ಹೊಟ್ಟೆಯೊಳಗೆ. ಅಲ್ಲಿಂದ ತೊಡೆಸಂದಿನ ದಾರಿಯಾಗಿ ಕೆಳಗಿಳಿಯುತ್ತವೆ. ಜೊತೆಗೆ ಇಳಿದುಬಂದ ಹೊಟ್ಟೆಯ ಒಳಪದರದ ಚೀಲ ಮುಚ್ಚಿಕೊಳ್ಳಬೇಕು, ಕೆಲವರಲ್ಲಿ ಮುಚ್ಚುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಹೀಗಾಗುವುದು ಹೆಚ್ಚು. ಮಗು ಅತ್ತಾಗ ತೊಡೆಸಂದು ಉಬ್ಬಿದರೆ ತಡಮಾಡದೆ ತೋರಿಸಿ. ವಯಸ್ಸಾದಂತೆ ಅದೇ ಭಾಗದ ಸ್ನಾಯುಗಳು ಸಡಿಲಗೊಳ್ಳುತ್ತವೆ. ಜೀವಮಾನದಲ್ಲಿ ಸುಮಾರು 4 ಗಂಡಸರಲ್ಲಿ ಒಬ್ಬರಿಗೆ ಇದು ಬರುತ್ತದೆ. ಹೆಂಗಸರಲ್ಲಿ ಬಹಳ ಕಡಿಮೆ, ಆದರೆ ಬಂದಾಗ ಕರುಳು ಸಿಕ್ಕಿಕೊಳ್ಳುವ ಅಪಾಯ ಹೆಚ್ಚಿರುವ ಇನ್ನೊಂದು ಬಗೆಯ ಹರ್ನಿಯಾ ಆಗಿರಬಹುದು. ಹಾಗಾಗಿ ಅವರೂ ಕಡೆಗಣಿಸಬಾರದು.

ಕಾಕಾರನ್ನು ನಿಲ್ಲಿಸಿ, ತೊಡೆಸಂದಿನ ಮೇಲೆ ಬೆರಳಿಟ್ಟು, ಕೆಮ್ಮಿ ಎಂದರು ವೈದ್ಯರು. ಕೆಮ್ಮಿದ ಕೂಡಲೇ ನಿಂಬೆಹಣ್ಣಿನಷ್ಟು ಗಾತ್ರದ ಉಬ್ಬು ಎದ್ದುಬಂತು. ಮಲಗಿಸಿದಾಗ ತಾನಾಗಿಯೇ ಒಳಗೆ ಸರಿಯಿತು. ಒಂದು ಕೆಮ್ಮಿಗೇ ಇಷ್ಟಾದರೆ, ರಾತ್ರಿಯಿಡೀ ಬಿಡದ ಬೀಡಿಯ ಕೆಮ್ಮು ಆ ಜಾಗವನ್ನು ಎಷ್ಟು ಸಲ ಒತ್ತಿರಬೇಕು! ಮಲಬದ್ಧತೆಯಲ್ಲಿ ತಿಣುಕುವುದೂ, ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರಕ್ಕಾಗಿ ತಿಣುಕುವುದೂ ಹೊಟ್ಟೆಯೊಳಗೆ ಇದೇ ಬಗೆಯ ಒತ್ತಡವನ್ನು ತರುತ್ತವೆ.

ಹಾಗೆಂದು ಚೀಲದ ಭಾರ ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ಈ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಡೆನ್ಮಾರ್ಕಿನಲ್ಲಿ ದುಡಿಯುವ ಗಂಡಸರ ಅಧ್ಯಯನವೊಂದರಲ್ಲಿ, ದಿನವೂ ಭಾರ ಎತ್ತುವವರು ಮತ್ತು ಹೆಚ್ಚು ಹೊತ್ತು ನಿಂತು ದುಡಿಯುವವರಲ್ಲಿ ಒಂದು ಬಗೆಯ ತೊಡೆಸಂದಿನ ಹರ್ನಿಯಾ ಹೆಚ್ಚು ಕಂಡುಬಂತು. ತೊಡೆಸಂದಿನದೇ ಇನ್ನೊಂದು ಬಗೆಯಲ್ಲಿ ಆ ನಂಟು ಕಾಣಲಿಲ್ಲ. ಹಮಾಲರ ಹೆಗಲ ಮೇಲಿನ ಚೀಲ ಹಗುರವಾಗಲೇಬೇಕು, ಕೈಗಾಡಿಗಳು ಬರಲೇಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆದರೆ ಎಲ್ಲವನ್ನೂ ಚೀಲದ ತಲೆಗೆ ಕಟ್ಟಿದರೆ, ಕಚೇರಿಯಲ್ಲಿ ಕುಳಿತು ಸಿಗರೇಟು ಸೇದುತ್ತಾ ಕೆಮ್ಮುವವರು ತಮಗೇನೂ ಆಗದೆಂದು ಸುಮ್ಮನಿರುತ್ತಾರೆ. ತೆಳ್ಳಗಿದ್ದೇನೆ, ನನಗೆ ಬಾರದು ಎಂಬ ಧೈರ್ಯವೂ ಬೇಡ. ಈ ಹರ್ನಿಯಾ ಸ್ಥೂಲದೇಹಿಗಳಿಗಿಂತ ತೆಳುಮೈಯವರಲ್ಲೇ ಹೆಚ್ಚು ಪತ್ತೆಯಾಗಿದೆ.

ಒಂದು ಬದಿಗೆ ಆದವರಿಗೆ ಇನ್ನೊಂದು ಬದಿಗೂ ಆಗಬಹುದು. ಹಾಗಾಗಿ ಕಾಕಾ ಬೀಡಿ ಬಿಟ್ಟು, ಬೀಡಿ ಕಟ್ಟನ್ನು ಕಾಕೂ ಕೈಗೆ ಕೊಟ್ಟಿದ್ದಾರೆ, ಕೆಮ್ಮಿಗೆ ಔಷಧ ನಡೆದಿದೆ.

ಈಗಾಗಲೇ ಉಬ್ಬು ಇರುವವರು ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಅದು ಗಟ್ಟಿಯಾಗಿ, ಮಲಗಿದರೂ ಒಳಗೆ ಸರಿಯದೆ, ನೋವು ಏರುತ್ತಾ ಹೋದರೆ, ವಾಂತಿಯಾದರೆ, ಮೇಲಿನ ಚರ್ಮ ಕೆಂಪಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತಿರಬಹುದು. ಬಲವಂತವಾಗಿ ಒಳಗೆ ಒತ್ತದೆ, ಏನನ್ನೂ ತಿನ್ನದೆ, ನೇರವಾಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.