ಕುಶಾಲನಗರದ ಕಂಟೇನರ್, ರೈನ್ ನದಿಯ ಬಾರ್ಜ್

ಎಲ್ಲರಿಗೂ ನಮಸ್ಕಾರ. ಕಾವೇರಿ ಹುಟ್ಟುವುದು ನಮ್ಮಲ್ಲೇ ಆದರೂ ಕೊಡಗಿನ ನದಿಯಲ್ಲಿ ಸರಕಿನ ಹಡಗು ಓಡುವುದಿಲ್ಲ. ಆದರೆ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತುಂಬಿದ ಕಾಫಿ ಘಾಟಿ ಇಳಿದು, ನವಮಂಗಳೂರಿನಿಂದ ರಾಟರ್‌ಡ್ಯಾಮ್ ತಲುಪಿದ ಮೇಲೆ ರೈನ್ ನದಿಯ ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಏರಿ ಜರ್ಮನಿಗೋ ಸ್ವಿಟ್ಜರ್ಲೆಂಡಿಗೋ ಹೋಗಬಹುದು. ಅಲ್ಲಿ ಲಾಕ್, ಅಂದರೆ ನೀರಿನ ಮಟ್ಟ ಏರಿಳಿಸಿ ಬಾರ್ಜ್ ದಾಟಿಸುವ ಗೇಟು, ತೆರೆಯುವವರಿಗೆ ನಮ್ಮ ಚೀಲ ಕಾಣುವುದಿಲ್ಲ. ಕಾಣುವುದು ಸರಕಿನ ವಿವರ ಹೊತ್ತು ಕಂಪ್ಯೂಟರಿಗೆ ಬರುವ ಸಂದೇಶ ಮಾತ್ರ. ಅದರಲ್ಲಿರುವ ಹಲವು ಮಾಹಿತಿ ಹುಟ್ಟುವುದು ಇಲ್ಲಿ, ಕಂಟೇನರ್ ತುಂಬುವ ಜಾಗದಲ್ಲಿ.

ಈ ಸಂದೇಶಗಳ ಮೂಲ ವ್ಯಾಕರಣ, ಕಂಪ್ಯೂಟರ್‌ಗಳ ನಡುವೆ ದಾಖಲೆ ಕಳಿಸಲು ಇರುವ ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ಮಾದರಿ, ಅಂದರೆ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಓ 9735. ಇದರಲ್ಲಿ ಪ್ಲಸ್ ಚಿಹ್ನೆ ಅಂಶಗಳನ್ನು ಬೇರ್ಪಡಿಸುತ್ತದೆ, ಮೇಲಿನ ಅಲ್ಪವಿರಾಮ (') ಸಾಲು ಮುಗಿಸುತ್ತದೆ. ಕಂಪನಿಯ ಹೆಸರಿನಲ್ಲೇ ಇವೆರಡರಲ್ಲಿ ಯಾವುದಾದರೂ ಚಿಹ್ನೆ ಇದ್ದರೆ ಅದಕ್ಕಿಂತ ಮೊದಲು ಪ್ರಶ್ನಾರ್ಥಕ ಚಿಹ್ನೆ (?) ಹಾಕಬೇಕು. ಮರೆತರೆ ಹೆಸರು ಅರ್ಧಕ್ಕೇ ತುಂಡಾಗುತ್ತದೆ, ಸಂದೇಶ ತಿರಸ್ಕೃತವಾಗಬಹುದು.

ಕಂಟೇನರ್ ಸಂಖ್ಯೆಗೆ ಒಳ್ಳೆಯ ಕಾವಲಿದೆ. ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೊಂದು ಪರೀಕ್ಷಾ ಅಂಕಿ. ಸಿಎಸ್‌ಕ್ಯೂಯು (CSQU) 305438 ಎಂಬುದನ್ನು ನೋಡಿ. ನಿಯಮದ ಪ್ರಕಾರ ಈ ನಾಲ್ಕು ಅಕ್ಷರಗಳಿಗೆ ಕೊಟ್ಟಿರುವ ಬೆಲೆ 13, 30, 28, 32. ಈ ಬೆಲೆಗಳನ್ನೂ ಆಮೇಲಿನ ಆರು ಅಂಕಿಗಳನ್ನೂ ಎಡದಿಂದ ಒಂದೊಂದಾಗಿ 1, 2, 4, 8 ಹೀಗೆ 512ರವರೆಗೆ ಗುಣಿಸಿ ಕೂಡಿದರೆ 6185. ಅದನ್ನು 11ರಿಂದ ಭಾಗಿಸಿದರೆ ಉಳಿಯುವುದು 3, ಅದೇ ಪರೀಕ್ಷಾ ಅಂಕಿ. ಟೈಪ್ ಮಾಡುವಾಗ ಕೈತಪ್ಪಿ 304538 ಆದರೆ ಉಳಿಯುವುದು 1, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಎಕ್ಸೆಲ್ ಹಾಳೆಯಲ್ಲೇ ಈ ಲೆಕ್ಕ ಇಟ್ಟುಕೊಳ್ಳಬಹುದು, ಖರ್ಚಿಲ್ಲ.

ಸ್ಥಳದ ಸಂಕೇತಕ್ಕೆ ಅಂಥ ಕಾವಲಿಲ್ಲ. ನವಮಂಗಳೂರು ಬಂದರು ಐಎನ್ ಎನ್‌ಎಂಎಲ್, ಮಂಗಳೂರು ಐಎನ್ ಐಎಕ್ಸ್‌ಇ. ಎರಡೂ ಸರಿಯಾದ ಸಂಕೇತಗಳೇ ಆದ್ದರಿಂದ ಒಂದರ ಬದಲು ಇನ್ನೊಂದನ್ನು ಬರೆದರೆ ಯಾವ ಯಂತ್ರವೂ ತಡೆಯುವುದಿಲ್ಲ.

ತೂಕವೂ ಹಾಗೆಯೇ. 60 ಕೆಜಿಯ 320 ಚೀಲ ಅಂದರೆ ಕಾಫಿ 19,200 ಕೆಜಿ. ಆದರೆ 2016ರ ಜುಲೈ 1ರಿಂದ ಹಡಗಿಗೆ ಬೇಕಿರುವುದು ಕಂಟೇನರಿನ ಸ್ವಂತ ತೂಕ, ಚೀಲ, ಒಳಹಾಸು ಎಲ್ಲ ಸೇರಿದ ದೃಢೀಕೃತ ಒಟ್ಟು ತೂಕ. ಟನ್‌ನಲ್ಲಿ ಬರೆದು ಘಟಕ ಕೆಜಿ ಎಂದೇ ಬಿಟ್ಟರೆ ಕಂಟೇನರ್ ಗರಿಯಷ್ಟು ಹಗುರಾಗುತ್ತದೆ.

ತಿದ್ದುಪಡಿ ಕಳಿಸುವಾಗ ಸಂದೇಶದ ಕಾರ್ಯ ಸಂಕೇತ ನೋಡಿ: 9 ಹೊಸದು, 5 ಬದಲಿ, 1 ರದ್ದು. ತಿದ್ದಿದ್ದನ್ನೂ 9 ಎಂದೇ ಕಳಿಸಿದರೆ ಒಂದು ಸರಕಿಗೆ ಎರಡು ದಾಖಲೆ ಆಗಿಬಿಡಬಹುದು.

ಬಾರ್ಜಿನ ಪ್ರಯಾಣ ಮತ್ತು ಸರಕಿನ ವರದಿಗೆ ಯುರೋಪಿನಲ್ಲಿ ಎರಿನಾಟ್ ಎಂಬ ಸಂದೇಶವಿದೆ. ಅದನ್ನು ಕಟ್ಟಿರುವುದು ಎಡಿಫ್ಯಾಕ್ಟ್‌ನ ಅಪಾಯಕಾರಿ ಸರಕಿನ ಸಂದೇಶದ ಮೇಲೆ. ಕಾಫಿಗೂ ಅಪಾಯಕ್ಕೂ ಏನು ಸಂಬಂಧ ಅನ್ನಬೇಡಿ. ಹುಳು ಬೀಳದಂತೆ ಫಾಸ್ಫೀನ್ ಎಂಬ ವಿಷಾನಿಲದಿಂದ ಧೂಮೀಕರಣ ಮಾಡಿದ ಕಂಟೇನರ್, ಅನಿಲ ಹೋಗುವ ತನಕ, ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಯುಎನ್ 3359, 9ನೇ ವರ್ಗದ ಸರಕು. ನಾವು ಇಲ್ಲಿ ಬರೆಯದಿದ್ದರೆ ಅದು ಅಲ್ಲಿನ ವರದಿಗೆ ಬರುವುದೇ ಇಲ್ಲ. ಬಾಗಿಲು ತೆರೆದವನು ವಿಷಾನಿಲ ಉಸಿರಾಡುತ್ತಾನೆ. ಆದ್ದರಿಂದ ಔಷಧದ ಹೆಸರು, ಪ್ರಮಾಣ, ಧೂಮೀಕರಣದ ದಿನಾಂಕ, ಹೊತ್ತು, ಎಲ್ಲವನ್ನೂ ಸೀಲ್ ಹಾಕಿದ ದಿನವೇ ಸಾಗಣೆ ಏರ್ಪಡಿಸುವ ಫಾರ್ವರ್ಡರ್‌ಗೆ ಕೊಡಿ, ಬಾಗಿಲಿಗೆ ಎಚ್ಚರಿಕೆಯ ಗುರುತು ಅಂಟಿಸಿ. ಪೂರ್ತಿ ಗಾಳಿಯಾಡಿಸಿದ ಮೇಲೆ ಆ ದಿನಾಂಕವನ್ನು ಗುರುತಿನ ಮೇಲೆ ಬರೆಯಬೇಕು. ನಂತರವೇ ಸಂಕೇತ 5 ಹಾಕಿ ಬದಲಿ ಸಂದೇಶ ಕಳಿಸಿ 3359 ತೆಗೆಸಬೇಕು.