ರೋಬೆಸ್ಪಿಯರ್ ಬರೆದ ಸಾಂತ್ವನದ ಪತ್ರ

ಕೇಳುಗರಿಗೆ ನಮಸ್ಕಾರ.

ಮೂವತ್ತು ವರ್ಷ ಪದವಿ ತರಗತಿಗೆ ಯುರೋಪಿನ ಇತಿಹಾಸ ಪಾಠ ಮಾಡಿದವನು ನಾನು. ಫ್ರಾನ್ಸಿನ ಕ್ರಾಂತಿಯ ನಾಯಕ, ಸಾವಿರಾರು ಜನರ ತಲೆ ಉರುಳಿಸಿದ ಆಡಳಿತದ ಮುಂದಾಳು ರೋಬೆಸ್ಪಿಯರ್ ಬಗ್ಗೆ ಉತ್ತರಪತ್ರಿಕೆ ತಿದ್ದಿ ತಿದ್ದಿ ಒಂದು ವಾಕ್ಯ ಬಾಯಿಪಾಠ ಆಗಿಹೋಗಿದೆ. 'ರೋಬೆಸ್ಪಿಯರ್ ಒಬ್ಬ ರಕ್ತಪಿಪಾಸು.' ಅಷ್ಟೇ, ಮುಂದೆ ಏನೂ ಇಲ್ಲ. ಐದು ಅಂಕದ ಪ್ರಶ್ನೆಗೆ ಇಷ್ಟು ಸಾಕು ಅಂತ ಯಾರು ಹೇಳಿಕೊಟ್ಟರೋ! ಈಗ ಕೇಳುತ್ತಿರುವ ವಿದ್ಯಾರ್ಥಿಗಳಿಗೆ ಇವತ್ತು ನಾನು ಹೇಳುವುದು ಒಂದೇ ಮಾತು. ಮನುಷ್ಯನನ್ನು ಮೊದಲು ನೋಡಿ, ತೀರ್ಪು ಆಮೇಲೆ ಬರೆಯಿರಿ.

ಇದನ್ನು ನನಗೆ ಕಲಿಸಿದ್ದು ನಾರ್ಮನ್ ಹ್ಯಾಂಪ್ಸನ್ ಎಂಬ ಇಂಗ್ಲಿಷ್ ಇತಿಹಾಸಕಾರರು. ಫ್ರಾನ್ಸಿನ ಕ್ರಾಂತಿಯ ಮೂವರು ನಾಯಕರ ಜೀವನಚರಿತ್ರೆ ಬರೆದವರು ಅವರು. 1974ರಲ್ಲಿ ರೋಬೆಸ್ಪಿಯರ್, 1978ರಲ್ಲಿ ಡಾಂಟನ್, 1991ರಲ್ಲಿ ಸೇಂಟ್ ಜಸ್ಟ್. ಮೊದಲನೆಯ ಪುಸ್ತಕದಲ್ಲಿ ಒಂದು ಮಜಾ ಇದೆ. ಲೇಖಕರೊಬ್ಬರೇ ಮಾತಾಡುವುದಿಲ್ಲ. ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಪಾದ್ರಿ, ಒಬ್ಬ ಕಮ್ಯುನಿಸ್ಟ್ ಮೂವರನ್ನೂ ಕೂರಿಸಿಕೊಂಡು ವಾದಕ್ಕೆ ಇಳಿಯುತ್ತಾರೆ. ನಮ್ಮ ಅರಳಿಕಟ್ಟೆ ಇದ್ದ ಹಾಗೆ. ಒಬ್ಬನೇ ಮನುಷ್ಯ, ನೋಡುವ ಕಣ್ಣು ಬೇರೆ ಬೇರೆ.

ಈಗ ನನಗೆ ತುಂಬಾ ಇಷ್ಟದ ಒಂದು ಪ್ರಸಂಗ ಹೇಳುತ್ತೇನೆ. 1793ರ ಫೆಬ್ರವರಿ. ಡಾಂಟನ್ ಸರ್ಕಾರದ ಕೆಲಸದ ಮೇಲೆ ಬೆಲ್ಜಿಯಂಗೆ ಹೋಗಿದ್ದ. ಇತ್ತ ಪ್ಯಾರಿಸಿನಲ್ಲಿ ಹೆಂಡತಿ ಗೇಬ್ರಿಯಲ್ ಹೆರಿಗೆಯಾಗಿ ತೀರಿಕೊಂಡಳು. ಅವನು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಆಳು ಆನೆಯಂಥವನು. ಮುಖದ ತುಂಬ ಸಿಡುಬಿನ ಕಲೆ, ಚಿಕ್ಕಂದಿನಲ್ಲಿ ಗೂಳಿ ತಿವಿದು ಸೀಳಿದ ತುಟಿ. ಬಾಯಿ ತೆರೆದರೆ ಸಭೆಗೆ ಸಭೆಯೇ ನಡುಗುತ್ತಿತ್ತು. ಅಂಥವನು ಏನು ಮಾಡಿದ ಗೊತ್ತಾ? ಡಿಸೇನ್ ಎಂಬ ಶಿಲ್ಪಿಯನ್ನು ಸ್ಮಶಾನಕ್ಕೆ ಕರೆಸಿದ. ಆ ಶಿಲ್ಪಿಗೆ ಕಿವಿ ಕೇಳಿಸುತ್ತಿರಲಿಲ್ಲ. ಸಮಾಧಿ ಅಗೆಸಿದ, ಪೆಟ್ಟಿಗೆ ತೆರೆಸಿದ, ಸತ್ತು ವಾರ ಕಳೆದ ಹೆಂಡತಿಯ ಮುಖದ ಅಚ್ಚು ತೆಗೆಸಿದ. ಅದರಿಂದ ಮಾಡಿದ ಮೂರ್ತಿ ಅದೇ ವರ್ಷ ಕಲಾ ಪ್ರದರ್ಶನಕ್ಕೂ ಬಂತು.

ಆ ದುಃಖದ ಹೊತ್ತಿನಲ್ಲಿ ಅವನಿಗೊಂದು ಪತ್ರ ಬಂತು. 'ನಿನ್ನನ್ನು ಎಂದಿಗಿಂತ ಜಾಸ್ತಿ ಪ್ರೀತಿಸುತ್ತೇನೆ, ಸಾಯುವ ತನಕ. ಈ ಗಳಿಗೆಯಿಂದ ನಾನೇ ನೀನು.' ಬರೆದವನು ಯಾರು? ನಮ್ಮ ರಕ್ತಪಿಪಾಸು ರೋಬೆಸ್ಪಿಯರ್!

ಹದಿನಾಲ್ಕು ತಿಂಗಳು ಕಳೆಯಿತು. 1794ರ ಏಪ್ರಿಲ್ 5ರಂದು ಡಾಂಟನ್ ತಲೆ ಉರುಳಿತು. ಅವನ ಮೇಲಿನ ಆರೋಪಗಳನ್ನು ಆಗಿನ ಸಂಸತ್ತಿನ ಸಭೆಯಲ್ಲಿ ಓದಿದ್ದು ಸೇಂಟ್ ಜಸ್ಟ್. ಅದಕ್ಕೆ ಟಿಪ್ಪಣಿ ಬರೆದುಕೊಟ್ಟಿದ್ದು ಅದೇ ರೋಬೆಸ್ಪಿಯರ್. 'ಸದ್ಗುಣ ಅಂದರೆ ಡಾಂಟನ್‌ಗೆ ನಗು ಬರುತ್ತದೆ' ಅಂತ ಅದರಲ್ಲಿ ಒಂದು ದೂರು. ಸದ್ಗುಣದ ಬಗ್ಗೆ ಡಾಂಟನ್ ಮಾಡಿದ ತಮಾಷೆಯನ್ನು ರೇಡಿಯೋದಲ್ಲಿ ಪೂರ್ತಿ ಹೇಳುವ ಹಾಗಿಲ್ಲ. ಹೆಂಡತಿ, ರಾತ್ರಿ, ಇಷ್ಟು ಸಾಕು.

ಹಾಗಾದರೆ ಪತ್ರ ಬರೀ ನಾಟಕವಾ? ನಾನಂತೂ ಒಪ್ಪುವುದಿಲ್ಲ. ಬರೆದ ದಿನ ಅದು ನಿಜವೇ. ಟಿಪ್ಪಣಿ ಬರೆದ ದಿನ ಅದೂ ನಿಜವೇ. ಎರಡೂ ಒಂದೇ ಕೈ ಬರೆದದ್ದು. ಅದಕ್ಕೇ ಮತ್ತೆ ಹೇಳುತ್ತೇನೆ, ಮನುಷ್ಯನನ್ನು ಮೊದಲು ನೋಡಿ.

ಇವರನ್ನೆಲ್ಲ ನಾವು ತಿಳಿಯುವುದು ಉಳಿದ ಕಾಗದಪತ್ರಗಳಿಂದ; ಅವುಗಳ ಬಗ್ಗೆ ಹೇಳಬೇಕಾದ್ದು ಬಹಳ ಇತ್ತು, ಪತ್ರದ ಕಥೆಯೇ ಸಮಯ ತಿಂದಿತು. ಚುಟುಕಾಗಿ ಕೇಳಿ. ಡಾಂಟನ್ ಭಾಷಣ ಬರೆದಿಟ್ಟುಕೊಳ್ಳುವ ಗೋಜಿಗೇ ಹೋದವನಲ್ಲ. ರೋಬೆಸ್ಪಿಯರ್ ಸತ್ತ ಮೇಲೆ ಅವನ ಕಾಗದಗಳನ್ನು ಪರಿಶೀಲಿಸಿದವನು ಕೂರ್ತ್ವಾ, ಡಾಂಟನ್ ಜೊತೆ ಶಾಲೆಯಲ್ಲಿ ಓದಿದ ಗೆಳೆಯ! ಬೇಕಾದ್ದನ್ನು ಅಚ್ಚು ಹಾಕಿಸಿದ, ಎಷ್ಟೋ ಕಾಗದ ತನ್ನ ಮನೆಯಲ್ಲೇ ಉಳಿಸಿಕೊಂಡ. ರಾಣಿ ಮೇರಿ ಆಂಟೊನೆಟ್‌ಳ ಕೊನೆಯ ಪತ್ರ ಕೂಡ ಅವನ ಹತ್ತಿರವೇ ಇತ್ತು. ಅದು ಬೆಳಕಿಗೆ ಬಂದದ್ದು 1816ರಲ್ಲಿ.

ಸೇಂಟ್ ಜಸ್ಟ್ ಪಾಲಿಗೆ ಎರಡೇ ವಾಕ್ಯ ಉಳಿದಿದೆ, ಪಾಪ. ಡಾಂಟನ್ ವಿರುದ್ಧ ಮಾತಾಡಿದಾಗ ಅವನಿಗೆ ಬರೀ 26 ವರ್ಷ. ನಾಲ್ಕು ತಿಂಗಳಿಗೆ, ಜುಲೈ 28ರಂದು, ರೋಬೆಸ್ಪಿಯರ್ ಜೊತೆ ತಾನೂ ತಲೆ ಕಡಿಯುವ ಯಂತ್ರ ಗಿಲೊಟಿನ್ ಹತ್ತಿದ. ಇವನನ್ನೂ ರಕ್ತಪಿಪಾಸು ಅಂತ ಬರೆದು ಕೈತೊಳೆದುಕೊಳ್ಳುವವರಿಗೆ ನನ್ನಿಂದ ಐದಕ್ಕೆ ಒಂದೇ ಅಂಕ.

ನಮಸ್ಕಾರ.