ವಿಮಾನದ ಕಾಲು ತಿರುಗಿಸುವ ಲಿವರ್

ನಮಸ್ಕಾರ. ಡೊಂಬಿವಲಿಯ ವೀಕ್ಷಕರೊಬ್ಬರು ಒಂದು ಒಳ್ಳೆಯ ಪ್ರಶ್ನೆ ಕಳಿಸಿದ್ದಾರೆ: 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ನಮ್ಮ ಜುಹೂಗೆ ಅಂಚೆ ತಂದ ಪುಸ್ ಮಾತ್ ವಿಮಾನದ ರೆಕ್ಕೆಯಲ್ಲಿ ಫ್ಲ್ಯಾಪ್‌ಗಳೇ ಇರಲಿಲ್ಲವಲ್ಲ, ಇಳಿಯುವಾಗ ಅದರ ವೇಗವನ್ನು ಹೇಗೆ ತಗ್ಗಿಸುತ್ತಿದ್ದರು?

ಫ್ಲ್ಯಾಪ್ ಎಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಹಲಗೆ; ಇಳಿಯುವಾಗ ಅದು ಗಾಳಿಯ ತಡೆಯನ್ನು ಹೆಚ್ಚಿಸಿ, ಕಡಿಮೆ ವೇಗದಲ್ಲೂ ವಿಮಾನವನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ. ಡಿ ಹ್ಯಾವಿಲೆಂಡ್ ಕಂಪನಿಯ ಪುಸ್ ಮಾತ್ ಮುಚ್ಚಿದ ಕ್ಯಾಬಿನ್ನಿನ, ಒಂದೇ ಜೊತೆ ರೆಕ್ಕೆಯ ನಯವಾದ ವಿಮಾನ. ಎಂಜಿನ್ ತಗ್ಗಿಸಿದರೂ ಅದು ತೇಲುತ್ತಲೇ ಮುಂದೆ ಸಾಗುವುದರಿಂದ, ಮೈದಾನ ಚಿಕ್ಕದಾಗಿದ್ದರೆ ಇಳಿಯಬೇಕಾದ ಜಾಗವನ್ನು ದಾಟಿಹೋಗುವ ಭಯವಿತ್ತು.

[ಚಿತ್ರ: ಪುಸ್ ಮಾತ್‌ನ ಚಕ್ರದ ಕಾಲು, ಹತ್ತಿರದಿಂದ]

ಪರಿಹಾರ ಅದರ ಕಾಲಿನಲ್ಲೇ ಅಡಗಿತ್ತು. ಚಕ್ರವನ್ನು ಹೊತ್ತ ಶಾಕ್ ಅಬ್ಸಾರ್ಬರ್‌ಗೆ ತೊಡಿಸಿದ ಚಪ್ಪಟೆ ಹೊದಿಕೆಯನ್ನು ನೋಡಿ. ಹಾರುವಾಗ ಅದರ ತೆಳು ಅಂಚು ಗಾಳಿಯನ್ನು ಸೀಳುತ್ತದೆ. ಪೈಲಟ್ ಒಳಗಿನಿಂದ ಲಿವರ್ ಎಳೆದರೆ ಹೊದಿಕೆ 90 ಡಿಗ್ರಿ ತಿರುಗಿ ಗಾಳಿಗೆ ಅಡ್ಡ ನಿಲ್ಲುತ್ತದೆ. ಮೊರವನ್ನು ಬಿರುಗಾಳಿಗೆ ಅಡ್ಡ ಹಿಡಿದವರಿಗೆ ಆ ತಡೆಯ ಬಲ ಗೊತ್ತೇ ಇರುತ್ತದೆ. ಈಗ ವಿಮಾನ ವೇಗ ಹೆಚ್ಚಿಸಿಕೊಳ್ಳದೆಯೇ ಕಡಿದಾಗಿ ಇಳಿಯಬಲ್ಲದು. ಇದ್ದ ಭಾಗಕ್ಕೇ ಎರಡನೆಯ ಕೆಲಸ ಹಚ್ಚಿದ ಈ ಜಾಣ್ಮೆಗೆ ಸಾಟಿಯಾದದ್ದನ್ನು ಆ ಕಾಲದ ಕಾಕ್‌ಪಿಟ್‌ಗಳಲ್ಲಿ ನಾನು ಬೇರೆ ಕಂಡಿಲ್ಲ. ಅಂದ ಹಾಗೆ, ಜುಹೂವಿನಿಂದ ಆ ಅಂಚೆಯನ್ನು ಟಾಟಾ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಅವರು ನಮ್ಮ ಬಳ್ಳಾರಿಯ ಮಾರ್ಗವಾಗಿಯೇ ಮದ್ರಾಸಿಗೆ ಒಯ್ದರು.

ಸಮಯ ಕಡಿಮೆಯಿರುವುದರಿಂದ ಹಳೆಯ ವಿಮಾನಗಳ ಇನ್ನೂ ಕೆಲವು ವಿಚಿತ್ರ ಹಿಡಿ, ಗುಂಡಿಗಳ ಬಗ್ಗೆ ಒಟ್ಟಿಗೆ ಹೇಳುತ್ತೇನೆ. ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸಾಪ್‌ವಿತ್ ಕ್ಯಾಮೆಲ್‌ನಲ್ಲಿ ಪ್ರೊಪೆಲರ್ ಜೊತೆ ಇಡೀ ಎಂಜಿನ್ ಸುತ್ತುತ್ತಿತ್ತು; ಇಳಿಯುವಾಗ ಎಂಜಿನ್‌ನ ಬಲ ತಗ್ಗಿಸಲು ಪೈಲಟ್ ಕೈಕೋಲಿನ (ವಿಮಾನವನ್ನು ನಡೆಸುವ ಕೋಲು) ಗುಂಡಿಯನ್ನು ಒತ್ತಿ ಒತ್ತಿ, ಇಂಧನ ಉರಿಸುವ ಕಿಡಿಯನ್ನು ಕ್ಷಣಕಾಲ ನಿಲ್ಲಿಸುತ್ತಿದ್ದ. ಎರಡನೆಯ ಮಹಾಯುದ್ಧದ ಅಮೆರಿಕದ ಯುದ್ಧವಿಮಾನ ವೈಲ್ಡ್‌ಕ್ಯಾಟ್‌ನಲ್ಲಿ ಚಕ್ರ ಮಡಚಲು ಬಲಗೈಯಿಂದ ಹಿಡಿಯನ್ನು 29 ಸುತ್ತು ತಿರುಗಿಸಬೇಕಿತ್ತು. ಆಗ ಕೈಕೋಲು ಎಡಗೈಗೆ ಬರುತ್ತಿತ್ತು; ತಿರುಗಿಸುವ ಕುಲುಕಾಟ ಅದಕ್ಕೂ ತಲುಪಿ, ಹೊಸಬರ ವಿಮಾನ ಏರುವಾಗ ಮೇಲೆ ಕೆಳಗೆ ತೊನೆಯುತ್ತಿತ್ತು. ಅದೇ ಯುದ್ಧದ ಅಮೆರಿಕದ ಬಾಂಬರ್ ಬಿ-17ರಲ್ಲಿ ಚಕ್ರದ ಸ್ವಿಚ್ಚೂ ಫ್ಲ್ಯಾಪ್ ಸ್ವಿಚ್ಚೂ ಒಂದೇ ರೂಪದಲ್ಲಿ ಅಕ್ಕಪಕ್ಕದಲ್ಲಿದ್ದವು. ದಣಿದ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ಫ್ಲ್ಯಾಪ್ ಎಂದುಕೊಂಡು ಚಕ್ರವನ್ನೇ ಮಡಚಿಬಿಡುತ್ತಿದ್ದರು. ಮನೋವಿಜ್ಞಾನಿ ಆಲ್ಫಾನ್ಸ್ ಚಪಾನಿಸ್ ಅವರು ಪೈಲಟ್‌ಗಳನ್ನು ದೂರದೆ, ಚಕ್ರದ ಸ್ವಿಚ್ಚಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಫ್ಲ್ಯಾಪ್ ಸ್ವಿಚ್ಚಿಗೆ ಬೆಣೆಯಾಕಾರದ ತುಂಡನ್ನೂ ಅಂಟಿಸಿದರು. ಇಂದು ಮುಂಬಯಿಯಿಂದ ಏರುವ ಪ್ರಯಾಣಿಕ ಜೆಟ್‌ಗಳಲ್ಲೂ ಚಕ್ರದ ಲಿವರ್‌ನ ತುದಿಗೆ ಚಕ್ರದ ಆಕಾರವೇ ಇದೆ.